ಪುಟ್ಟ ಧ್ವಜದ ಬೆಲೆ

ಡಿಸೆಂಬರ್ 7 ಬಂದಿತೆಂದರೆ ನಮ್ಮ ಕಚೇರಿಗೆ ಸೇನಾ ಧ್ವಜ ದಿನದ ಡಬ್ಬಿ ಬರುತ್ತದೆ. ಚಿಲ್ಲರೆ ಹಾಕಿ, ಪುಟ್ಟ ಧ್ವಜವನ್ನು ಜೇಬಿಗೆ ಸಿಕ್ಕಿಸಿಕೊಂಡು, ಮತ್ತೆ ಕಡತಗಳಲ್ಲಿ ಮುಳುಗುವುದು ನಮ್ಮ ರೂಢಿ. 1949ರಿಂದ ನಡೆದುಬಂದ ಈ ದಿನದ ಅರ್ಥ ನಮಗೆ ಹೊಳೆದದ್ದು ರಜೆಯಲ್ಲಿ ಮಡಿಕೇರಿಗೆ ಹೋದಾಗ.

ಅಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿ 6ರಂದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬಂದೂಕುಗಳನ್ನು ನೋಡುತ್ತಿದ್ದ ನಮ್ಮ ಹುಡುಗ, “ಅಪ್ಪಾ, ಗುಂಡೇಟು ತಿಂದೂ ಬದುಕಿ ಬಂದವರು ಈಗ ಎಲ್ಲಿದ್ದಾರೆ?” ಎಂದ. ನಾವು ನಿರುತ್ತರರಾದೆವು.

ಊರಿಂದ ಮರಳಿದ ಮೇಲೆ ಓದಿ ತಿಳಿದೆವು: ಬೆನ್ನುಹುರಿಗೆ ಪೆಟ್ಟಾದ ಯೋಧರಿಗಾಗಿ ಪುಣೆಯ ಖಡಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರವಿದೆ. ಧ್ವಜ ದಿನದ ಹಣ ಅಂಗವಿಕಲ ಯೋಧರಿಗೂ ಮಡಿದವರ ಸಂಸಾರಗಳಿಗೂ ಸಲ್ಲುತ್ತದೆ.

ಲೋಧಿ ಕಾಲೋನಿಯ ಬಂಧುಗಳೇ, ಈ ಸಲ ಡಬ್ಬಿ ಬಂದಾಗ ಚಿಲ್ಲರೆಗಾಗಿ ತಡಕಾಡುವುದು ಬೇಡ.