ಗೈಡ್ ಬೀಳ್ಕೊಟ್ಟ ಮೇಲಿನ ತಾಷ್ಕೆಂಟ್

ಪ್ಯಾಕೇಜ್ ಟೂರಿನಲ್ಲಿ ಉಜ್ಬೇಕಿಸ್ತಾನದ ರಾಜಧಾನಿಗೆ ಹೋದ ಭಾರತೀಯರೆಲ್ಲ ಹೆಚ್ಚುಕಡಿಮೆ ಒಂದೇ ತಾಷ್ಕೆಂಟ್ ನೋಡಿ ಬರುತ್ತಾರೆ. ಕುದುರೆಯೇರಿದ ಅಮೀರ್ ತೈಮೂರನ ಪ್ರತಿಮೆ, ಹಜರತ್ ಇಮಾಮ್ ಸಂಕೀರ್ಣದ ಪುರಾತನ ಕುರಾನ್ ಪ್ರತಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಪುತ್ಥಳಿ. 1966ರ ಜನವರಿ 10ರಂದು ಪಾಕಿಸ್ತಾನದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ಶಾಸ್ತ್ರೀಜಿ, ಬೆಳಗಾಗುವ ಮುನ್ನ ಇದೇ ಊರಿನಲ್ಲಿ ತೀರಿಕೊಂಡರು. ಅಷ್ಟು ಹೇಳುವಷ್ಟರಲ್ಲಿ ಬಸ್ಸು ಹೊರಡುತ್ತದೆ.

ಗೈಡ್ ದಂಡವೆಂದಲ್ಲ. ಊರಿನ ದಿಕ್ಕುದೆಸೆ ತಿಳಿಯುವುದು ಅವರಿಂದಲೇ. ಆದರೆ ರೇಷ್ಮೆ ಮಾರ್ಗದ ಈ ಹಳೆಯ ಊರು ಇಷ್ಟು ಹೊಸದಾಗಿ ಏಕೆ ಕಾಣುತ್ತದೆ ಎಂಬ ಪ್ರಶ್ನೆ ಹುಟ್ಟಬೇಕಾದರೆ ಕಾಲ್ನಡಿಗೆಯಲ್ಲೇ ಸುತ್ತಬೇಕು. ಉತ್ತರ ಅದೇ 1966ರಲ್ಲಿದೆ. ಏಪ್ರಿಲ್ 26ರ ನಸುಕಿನಲ್ಲಿ ನಡುಊರಿನ ಅಡಿಯಲ್ಲೇ ನೆಲ ನಡುಗಿತು. ಸುಮಾರು 3 ಲಕ್ಷ ಜನ ಮನೆ ಕಳೆದುಕೊಂಡರು. ಸೋವಿಯತ್ ಒಕ್ಕೂಟದ ನಾನಾ ಗಣರಾಜ್ಯಗಳಿಂದ ಬಂದ ಕೆಲಸಗಾರರು ಅಗಲ ರಸ್ತೆ, ಸಾಲುಸಾಲು ಅಪಾರ್ಟ್‌ಮೆಂಟುಗಳ ಊರೊಂದನ್ನು ಕಟ್ಟಿದರು. 1977ರಲ್ಲಿ, ಭೂಕಂಪವನ್ನು ತಾಳಿಕೊಳ್ಳುವಂತೆ ಕಟ್ಟಿದ ಮೆಟ್ರೊ ಶುರುವಾಯಿತು. ಮಧ್ಯ ಏಷ್ಯಾದ ಮೊದಲ ಮೆಟ್ರೊ ಅದು.

ಒಬ್ಬರೇ ಸುತ್ತುವವರಿಗೆ ಈ ಮೆಟ್ರೊಗಿಂತ ಒಳ್ಳೆಯ ಜೊತೆಗಾರ ಇಲ್ಲ. 'ಉಜ್ಬೇಕಿಸ್ತಾನ್' ಮಾರ್ಗವೊಂದೇ ಸಾಕು. ಅಲಿಶೇರ್ ನವಾಯಿ ನಿಲ್ದಾಣದಲ್ಲಿ ಮಸೀದಿಯಂಥ ಗುಮ್ಮಟಗಳು, ಆ ಕವಿಯ ಕಾವ್ಯದ ದೃಶ್ಯಗಳು. ಕಾಸ್ಮೊನಾವ್ತ್ಲಾರ್ ನಿಲ್ದಾಣದ ನೀಲಿ ಗೋಡೆಗಳ ಮೇಲೆ ಗಗನಯಾತ್ರಿಗಳಾದ ಗಗಾರಿನ್, ತೆರೆಶ್ಕೊವಾ. ಅವರ ಜೊತೆಗೆ 15ನೇ ಶತಮಾನದ ಖಗೋಳಜ್ಞ ದೊರೆ ಉಲುಗ್ ಬೇಗ್. 2018ರವರೆಗೆ ಇಲ್ಲಿ ಫೋಟೊ ತೆಗೆಯುವಂತಿರಲಿಲ್ಲ. ಯುದ್ಧ ಬಂದರೆ ಈ ನಿಲ್ದಾಣಗಳೇ ಆಶ್ರಯತಾಣ ಎಂಬ ಲೆಕ್ಕವಿತ್ತು.

ಅದೇ ಮಾರ್ಗದ ಚೋರ್ಸು ನಿಲ್ದಾಣದಲ್ಲಿ ಇಳಿದರೆ ನೀಲಿ ಗುಮ್ಮಟದ ಮಾರುಕಟ್ಟೆ. ಬೆಳಿಗ್ಗೆಯೇ ಹೋಗಬೇಕು. ತಂದೂರಿನಿಂದ ಆಗಷ್ಟೇ ತೆಗೆದ, ನಡುವೆ ಅಚ್ಚೊತ್ತಿದ ದುಂಡು ರೊಟ್ಟಿಗೆ ಇಲ್ಲಿ 'ನೋನ್' ಎನ್ನುತ್ತಾರೆ. ಹೆಂಗಸರು ಅದನ್ನು ಮಕ್ಕಳ ತಳ್ಳುಗಾಡಿಯಲ್ಲಿ ಹೇರಿಕೊಂಡು ಮಾರುವುದೂ ಉಂಟು. ಮಾಂಸದ ಕಟ್ಟೆಗಳು ಬೇಡವೆಂದರೆ ಒಣಹಣ್ಣು, ಮಸಾಲೆಗಳ ಕಡೆ ತಿರುಗಿ. ಸಸ್ಯಾಹಾರಿಗಳ ಕೈಹಿಡಿಯುವುದು ಖಾರದ ಕ್ಯಾರೆಟ್ ಸಲಾಡ್. ಅದನ್ನು ಇಲ್ಲಿ ರೂಢಿಗೆ ತಂದವರು ಕೊರಿಯನ್ನರು. 1937ರಲ್ಲಿ ಸ್ಟಾಲಿನ್ ಸರ್ಕಾರ ಅವರನ್ನು ದೂರಪ್ರಾಚ್ಯದಿಂದ ಒಕ್ಕಲೆಬ್ಬಿಸಿ ರೈಲಿನಲ್ಲಿ ತುಂಬಿ ಈ ನಾಡಿಗೆ ಕಳುಹಿಸಿತ್ತು. ತಮ್ಮ ಅಡುಗೆಗೆ ಬೇಕಾದ ನಾಪಾ ಎಲೆಕೋಸು ಸುಲಭವಾಗಿ ಸಿಗದ ನೆಲದಲ್ಲಿ ಅವರು ಕ್ಯಾರೆಟ್ಟಿಗೆ ಒಗ್ಗಿಕೊಂಡರು. ಮಾಂಸ ತಿನ್ನುವವರು ದೊಡ್ಡ ಕಡಾಯಿಯ ಪಲೋವ್ ಬೇಕೆಂದರೆ ಮಧ್ಯಾಹ್ನಕ್ಕೇ ಹೋಗಬೇಕು. ತಡವಾದರೆ ತಳ ಕಾಣುತ್ತದೆ.

ಸಿದ್ಧತೆ ಹೆಚ್ಚೇನೂ ಬೇಡ. ಹೋಟೆಲಿನ ವಿಳಾಸದ ಚೀಟಿ, ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ, ಜೇಬಿನಲ್ಲಿ ಸ್ವಲ್ಪ ಸ್ಥಳೀಯ ಹಣ, ಪಾಸ್‌ಪೋರ್ಟ್ ಇದ್ದರಾಯಿತು. ಮೆಟ್ರೊ ಬಾಗಿಲಲ್ಲಿ ಪೊಲೀಸರು ಚೀಲ ತೆರೆಸಿದರೆ ಗಾಬರಿ ಬೇಡ, ಅದು ಅಲ್ಲಿನ ರೂಢಿ. ರಾಜ್ ಕಪೂರ್ ಹೆಸರು ಬಲ್ಲ ಹಿರಿಯರು ಇಲ್ಲಿ ಈಗಲೂ ಸಿಗುತ್ತಾರೆ. ಭಾರತದವರೆಂದರೆ ಮಾತಿಗೆ ನಿಲ್ಲುತ್ತಾರೆ.

ಟೂರ್ ಬುಕ್ ಮಾಡುವಾಗ ಏಜೆಂಟರಿಗೆ ಒಂದು ಮಾತು ಹೇಳಿ: ವಾಪಸು ವಿಮಾನದ ಟಿಕೆಟನ್ನು ಒಂದು ದಿನ ಮುಂದಕ್ಕೆ ಹಾಕಲಿ. ಆ ದಿನಕ್ಕೆ ಯಾವ ಕಾರ್ಯಕ್ರಮವನ್ನೂ ತುಂಬದಿರಲಿ.