ಮೊಬೈಲ್ ಎಚ್ಚರಿಸಬಹುದು, ಬಾಗಿಲು ಬಡಿಯಬೇಕಾದವರು ನಾವೇ

ಶ್ರೀಮಂಗಲದ ಒಂದು ಮಳೆಗಾಲದ ರಾತ್ರಿಯನ್ನು ನೆನೆಸಿಕೊಳ್ಳಿ. ಎರಡು ದಿನಗಳಿಂದ ಬಿಡದ ಮಳೆ. ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಮನೆಯ ಹಿಂದಿನ ಬರೆಯಿಂದ ಮಣ್ಣು ಜಾರುವ ಸದ್ದು ಕೇಳಿದರೆ ಮಕ್ಕಳನ್ನು, ವೃದ್ಧ ತಾಯಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವಿರಿ?

ಕೊಡಗಿನವರಿಗೆ ಇದು ಬರೀ ಕಲ್ಪನೆಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 30ರಂದು ನಮ್ಮ ನೆರೆಯ ವಯನಾಡಿನಲ್ಲಿ ಮುಂಡಕೈ, ಚೂರಲ್‌ಮಲ ಊರುಗಳು ಜನ ನಿದ್ದೆಯಲ್ಲಿದ್ದಾಗಲೇ ಕೊಚ್ಚಿಹೋದವು.

ಎಚ್ಚರಿಕೆ ಕೊಡುವ ಆ್ಯಪ್‌ಗಳು ಈಗ ಇವೆ. ಪುಣೆಯ ಹವಾಮಾನ ವಿಜ್ಞಾನಿಗಳ 'ದಾಮಿನಿ' 20ರಿಂದ 40 ಕಿ.ಮೀ. ಸುತ್ತಲಿನ ಸಿಡಿಲಿನ ಸೂಚನೆ ನೀಡುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಮಳೆ, ಪ್ರವಾಹಗಳ ಮುನ್ಸೂಚನೆ ತಲುಪಿಸುತ್ತದೆ. ಆದರೆ ಇಡೀ ಜಿಲ್ಲೆಗೆ ಬರುವ ಎಚ್ಚರಿಕೆ, ಬರೆಯ ಕೆಳಗಿನ ಒಂದು ಮನೆ ಇಂದೇ ಖಾಲಿಯಾಗಬೇಕೆಂದು ಹೇಳಲಾರದು.

ಅದನ್ನು ಹೇಳಬಲ್ಲದ್ದು ಊರಿನ ಮಳೆಯ ಲೆಕ್ಕ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ವಯನಾಡಿನ ಉದ್ದಗಲಕ್ಕೂ ಮಳೆಮಾಪಕಗಳಿಂದ ಲೆಕ್ಕ ಸಂಗ್ರಹಿಸುತ್ತದೆ. ದುರಂತ ನಡೆದ ಪ್ರದೇಶದ ಬಳಿ 48 ಗಂಟೆಗಳಲ್ಲಿ 572 ಮಿ.ಮೀ., ನಮ್ಮ ಲೆಕ್ಕದಲ್ಲಿ 22 ಇಂಚಿಗೂ ಹೆಚ್ಚು ಮಳೆ ಸುರಿದಿತ್ತು. ಕುಸಿತದ ಅಪಾಯವಿದೆಯೆಂದು ಆ ಕೇಂದ್ರ ಹಿಂದಿನ ದಿನವೇ ತಿಳಿಸಿತ್ತು. ಎಚ್ಚರಿಕೆ ಹುಟ್ಟಿದರೆ ಸಾಲದು, ಅದು ಮನೆ ಬಾಗಿಲಿಗೆ ಮುಟ್ಟಬೇಕು ಎಂಬುದೇ ಇಲ್ಲಿಯ ಪಾಠ.

ನಮ್ಮ ಕಾಫಿ ತೋಟಗಳಲ್ಲಿ ಪ್ರತಿದಿನ ಮಳೆಯನ್ನು ಇಂಚುಗಳಲ್ಲಿ ಅಳೆದು ಬರೆದಿಡುವ ರೂಢಿ ತಲೆಮಾರುಗಳದ್ದು. ಆ ಅಂಕಿಗಳು ಡೈರಿಯಲ್ಲೇ ಉಳಿಯುತ್ತವೆ. ಕಂಪ್ಯೂಟರ್ ಕಲಿತ ನಮ್ಮ ಮಕ್ಕಳು ಅವನ್ನೆಲ್ಲ ಒಂದೆಡೆ ಸೇರಿಸುವ ಆ್ಯಪ್ ಮಾಡಬಾರದೇಕೆ? ಅದು ಇಂಟರ್‌ನೆಟ್ ಇಲ್ಲದಾಗಲೂ ತೆರೆಯಬೇಕು. ಸುರಕ್ಷಿತ ಕಟ್ಟಡ, ಅಲ್ಲಿಗೆ ಹೋಗುವ ದಾರಿ, ಹಾಸಿಗೆ ಹಿಡಿದವರಿರುವ ಮನೆ ಯಾವುದೆಂಬುದು ಅದರಲ್ಲಿ ಮೊದಲೇ ಇರಬೇಕು. ಲೈನ್‌ಮನೆಗಳ ಕಾರ್ಮಿಕರಲ್ಲಿ ಅನೇಕರಿಗೆ ಓದು ಬಾರದು. ಅವರ ಭಾಷೆಯಲ್ಲೇ ಅದು ಮಾತನಾಡಬೇಕು. ನೆಲದಲ್ಲಿ ಬಿರುಕು, ವಾಲಿದ ಮರ, ಒಮ್ಮೆಲೇ ಕೆಸರಾದ ತೊರೆ ಕಂಡವರು ಕೂಡಲೇ ತಿಳಿಸುವಂತಿರಬೇಕು.

ಹಾಗಿದ್ದೂ ಫೋನಿನ ಚಾರ್ಜ್ ಮುಗಿದೀತು. ಆದ್ದರಿಂದ ಪ್ರತಿ ಹತ್ತು ಮನೆಗೆ, ಬಾಗಿಲು ಬಡಿದು ಎಬ್ಬಿಸುವ ಇಬ್ಬರು ಯುವಕರನ್ನು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಬೇಕು.

"ಎಲ್ಲವೂ ಅಲ್ಲಾಹನ ವಿಧಿ, ನಾವೇನು ಮಾಡಲಾದೀತು?" ಎನ್ನುವವರಿದ್ದಾರೆ. ನೂಹ್(ಅ)ರವರು ಹಡಗು ಕಟ್ಟಿದ್ದು ನೀರು ಏರಿದ ಮೇಲಲ್ಲ. ಒಣ ನೆಲದ ಮೇಲೆ, ಜನರ ಗೇಲಿಯ ನಡುವೆ. ಸಿದ್ಧತೆ ತವಕ್ಕುಲ್‌ಗೆ ವಿರುದ್ಧವಲ್ಲ, ಅದರ ಭಾಗ.

ಬರುವ ಜುಮಾ ನಮಾಝ್ ಬಳಿಕ ಹತ್ತು ನಿಮಿಷ ಕುಳಿತು ಮಾತನಾಡಿ. ನೆರೆಯ ಕೊಡವ, ಯರವ ಬಂಧುಗಳನ್ನೂ ಸೇರಿಸಿಕೊಳ್ಳಿ. ಕುಸಿಯುವ ಗುಡ್ಡ ಯಾರ ಧರ್ಮವನ್ನೂ ಕೇಳುವುದಿಲ್ಲ. ಇಂದು ರಾತ್ರಿಯೇ 112 ಮತ್ತು 1077 ಸಂಖ್ಯೆಗಳನ್ನು ನಿಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಿ.