ಬಾಟಲಿ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಮೊಹರು ಮಾಡಿದ ಬಾಟಲಿಯ ನೀರೇ ಅತ್ಯಂತ ಶುದ್ಧವೆಂಬ ನಂಬಿಕೆ ಗ್ರಾಮಗಳಲ್ಲಿಯೂ ಬೇರೂರಿದೆ. ಸಭೆ, ಸಮಾರಂಭಗಳಿಗೆ ಬಾಟಲಿಗಳನ್ನು ಖರೀದಿಸುವುದು ರೂಢಿಯಾಗಿದೆ. ಈ ನಂಬಿಕೆಯನ್ನು ಮರುಪರಿಶೀಲಿಸಬೇಕಾದ ಅಂಶಗಳು ಸಂಶೋಧನೆಗಳಿಂದ ತಿಳಿದುಬಂದಿವೆ.

ಸಂಶೋಧನೆಗಳು ತಿಳಿಸುವುದೇನು?

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಕಣಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎನ್ನಲಾಗುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕವು ನ್ಯಾನೋ ಪ್ಲಾಸ್ಟಿಕ್. ಅಮೆರಿಕದ ಫ್ರೆಡೋನಿಯಾದಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಭಾರತವೂ ಸೇರಿದಂತೆ 9 ದೇಶಗಳ 259 ಬಾಟಲಿಗಳನ್ನು ಪರೀಕ್ಷಿಸಿದಾಗ, ಶೇ. 93ರಷ್ಟು ಬಾಟಲಿಗಳಲ್ಲಿ ಇಂತಹ ಕಣಗಳು ಪತ್ತೆಯಾದವು. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವು ಅಮೆರಿಕದ ಮೂರು ಬ್ರಾಂಡ್‌ಗಳ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಕಣಗಳನ್ನು ಎಣಿಸಿತು. ಅವುಗಳಲ್ಲಿ ಶೇ. 90ರಷ್ಟು ನ್ಯಾನೋ ಕಣಗಳು. ಹಿಂದಿನ ಉಪಕರಣಗಳಿಗೆ ಕಾಣದಿದ್ದ ಕಣಗಳು ಹೊಸ ವಿಧಾನಕ್ಕೆ ಗೋಚರಿಸಿದ್ದೇ ಈ ಸಂಖ್ಯೆ ಇಷ್ಟು ದೊಡ್ಡದಾಗಲು ಮುಖ್ಯ ಕಾರಣ.

ಕಣಗಳು ಎಲ್ಲಿಂದ ಬರುತ್ತವೆ?

ಬಾಟಲಿಯ ಗೋಡೆಯಿಂದ, ತೆರೆದು ಮುಚ್ಚುವಾಗ ಸವೆಯುವ ಮುಚ್ಚಳದಿಂದ ಕಣಗಳು ನೀರಿಗೆ ಸೇರುತ್ತವೆ. ನೀರನ್ನು ಶುದ್ಧೀಕರಿಸುವ ಪೊರೆಗಳೂ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್‌ನವೇ ಆಗಿದ್ದು, ಅವುಗಳಿಂದಲೂ ಕಣಗಳು ಬರುವ ಸಂಭವವಿದೆ.

ಆರೋಗ್ಯಕ್ಕೆ ಅಪಾಯವೇ?

ಕುಡಿಯುವ ನೀರಿನ ಸೂಕ್ಷ್ಮ ಪ್ಲಾಸ್ಟಿಕ್‌ನಿಂದ ಹಾನಿಯಾಗುತ್ತದೆಂದು ನಿರ್ಣಯಿಸಲು ಸಾಕಷ್ಟು ಪುರಾವೆಗಳಿಲ್ಲ, ಹೆಚ್ಚಿನ ಸಂಶೋಧನೆ ಅಗತ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿತು. ರೋಗಾಣುಗಳಿಗೆ ಮೊದಲ ಆದ್ಯತೆ ನೀಡಬೇಕೆಂಬುದೂ ಅದರ ಅಭಿಪ್ರಾಯ. ಆದುದರಿಂದ ಭೀತಿಯೂ ಸಲ್ಲದು, ಉಪೇಕ್ಷೆಯೂ ಸಲ್ಲದು.

ಪಂಚಾಯಿತಿಯು ಮಾಡಬಹುದಾದುದೇನು?

1. ಸಾಮಾನ್ಯ ಸಭೆ ಹಾಗೂ ಗ್ರಾಮಸಭೆಗಳಲ್ಲಿ ಬಾಟಲಿಗಳ ಬದಲು ಸ್ಟೀಲ್ ಪಾತ್ರೆ, ಲೋಟಗಳನ್ನು ಬಳಸುವುದು. ಇದರಿಂದ ವೆಚ್ಚವೂ ಕಸವೂ ತಗ್ಗುತ್ತವೆ.

2. ನೀರಿನ ಕ್ಯಾನ್‌ಗಳನ್ನು ಬಿಸಿಲಿನಲ್ಲಿಡದಂತೆ, ಗೀರುಬಿದ್ದ ಹಳೆಯ ಕ್ಯಾನ್‌ಗಳನ್ನು ಬಳಸದಂತೆ ಗ್ರಾಮಸ್ಥರಿಗೆ ತಿಳಿವಳಿಕೆ ನೀಡುವುದು.

3. ಮೇಲ್ಮಟ್ಟದ ಜಲಸಂಗ್ರಹಾಗಾರಗಳನ್ನು ನಿಯತವಾಗಿ ಶುಚಿಗೊಳಿಸಿ, ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಉಳಿಕೆ ಕ್ಲೋರಿನ್ ಇರುವುದನ್ನು ಖಚಿತಪಡಿಸಿಕೊಳ್ಳುವುದು.

4. ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿ.ಗ್ರಾಂ. ಮೀರಿರುವ ಗ್ರಾಮಗಳಲ್ಲಿ ಪ್ಲಾಸ್ಟಿಕ್ ಕಣಗಳ ಕಾರಣದಿಂದ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಗಿತಗೊಳಿಸಬಾರದು. ಫ್ಲೋರೈಡ್‌ನಿಂದ ಹಲ್ಲು, ಮೂಳೆಗಳಿಗಾಗುವ ಹಾನಿ ಸಾಬೀತಾದುದು. ಘಟಕದ ಪೊರೆಗಳನ್ನು ಅವಧಿ ಮೀರದಂತೆ ಬದಲಿಸುವುದೇ ಸರಿಯಾದ ಕ್ರಮ.

ಗ್ರಾಮದಲ್ಲಿ ಬಳಸುವ ನೀರು ಪರೀಕ್ಷಾ ಕಿಟ್‌ಗಳಿಂದ ಸೂಕ್ಷ್ಮ ಪ್ಲಾಸ್ಟಿಕ್ ಪತ್ತೆಯಾಗುವುದಿಲ್ಲ. ಆದರೆ ಕ್ಲೋರಿನ್, ಫ್ಲೋರೈಡ್, ನೈಟ್ರೇಟ್‌ಗಳನ್ನು ಅವುಗಳಿಂದ ಅಳೆಯಬಹುದು. ಆ ಫಲಿತಾಂಶಗಳನ್ನು ಸದಸ್ಯರು ಪ್ರತಿ ಸಾಮಾನ್ಯ ಸಭೆಯಲ್ಲಿ ಕೇಳಿ ಪಡೆಯತಕ್ಕದ್ದು. ನಲ್ಲಿಯ ನೀರಿನ ಮೇಲೆ ಜನರಿಗೆ ವಿಶ್ವಾಸ ಮೂಡಿದಲ್ಲಿ ಬಾಟಲಿಯ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ.